ಒಂದು ಊರಿನ ಬೊಜ್ಜು ತಡೆ ಕಾರ್ಯಕ್ರಮ ಕೆಲಸ ಮಾಡಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುತ್ತಾರೆ?

ಕಾರ್ಯಕ್ರಮ ನಡೆಯದ ಬೇರೆ ಊರನ್ನೂ ಜೊತೆಗೇ ಅಳೆದು ನೋಡಿ. ಒಂದೇ ಊರಿನ ಮಕ್ಕಳನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗಿದರೆ ಏನೂ ಗೊತ್ತಾಗುವುದಿಲ್ಲ.

ಯಾಕೆಂದರೆ ಮಕ್ಕಳು ಬೆಳೆಯುತ್ತಲೇ ಇರುತ್ತಾರೆ ಅಲ್ವಾ? ಏಳು ವರ್ಷದ ಹುಡುಗಿ ವರ್ಷಕ್ಕೆ ಎರಡು ಕೆಜಿ ಏರಿದರೆ ಅದು ಬೊಜ್ಜಲ್ಲ, ಬೆಳವಣಿಗೆ. ಅದಕ್ಕೇ ಬರೀ ತೂಕ ನೋಡುವುದಿಲ್ಲ. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ತೆಗೆದು, ಅದೇ ವಯಸ್ಸಿನ ಹುಡುಗಿಯರ ಸರಾಸರಿಯಿಂದ ಅದು ಎಷ್ಟು ಆಚೀಚೆ ಇದೆ ಅಂತ ನೋಡುತ್ತಾರೆ. ಈ ಅಂಕಿಗೆ ಝಡ್-ಸ್ಕೋರ್ ಅಂತಾರೆ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೋಮರ್‌ವಿಲ್ ಊರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದವರು ಹೀಗೇ ಮಾಡಿದರು. ಶಾಲೆಯ ಊಟದ ತಟ್ಟೆಗೆ ಹಣ್ಣು, ತರಕಾರಿ ಜಾಸ್ತಿ ಬಂತು. ಮಕ್ಕಳು ನಡೆದು ಶಾಲೆಗೆ ಬರಲಿ ಅಂತ ದಾರಿಯ ಬಗ್ಗೆಯೂ ಕೆಲಸ ಆಯಿತು. ಇಷ್ಟೇ ಆಗಿದ್ದರೆ ಅದು ಸುಮ್ನೆ ಒಳ್ಳೆ ಕೆಲಸ. ಆದರೆ ಅವರು ಅದೇ ತರಹದ ಇನ್ನೆರಡು ಊರುಗಳಲ್ಲೂ 1ರಿಂದ 3ನೇ ತರಗತಿಯ ಮಕ್ಕಳನ್ನು ಅಳೆದರು. ಮೂರೂ ಊರು ಸೇರಿ 1,178 ಮಕ್ಕಳು. 2007ರಲ್ಲಿ ಮೊದಲ ವರ್ಷದ ಫಲಿತಾಂಶ ಪ್ರಕಟವಾಯಿತು: ಹೋಲಿಕೆಯ ಊರುಗಳಿಗಿಂತ ಸೋಮರ್‌ವಿಲ್‌ನಲ್ಲಿ ಝಡ್-ಸ್ಕೋರ್ ಸುಮಾರು 0.1 ಕೆಳಗಿಳಿದಿತ್ತು.

ಚಿಲ್ಲರೆ ಅನ್ನಿಸಬಹುದು. ಆದರೆ ಇದು ತೆಳ್ಳಗಿನ ಮಕ್ಕಳೂ ಸೇರಿದ ಸರಾಸರಿ. ನನಗೆ ಇದರಲ್ಲಿ ಒಂದೇ ತಕರಾರು: ಊರುಗಳನ್ನು ಚೀಟಿ ಎತ್ತಿ ಆರಿಸಿರಲಿಲ್ಲ. ಹಾಗಾಗಿ ಸೋಮರ್‌ವಿಲ್‌ನವರಿಗೆ ಮೊದಲೇ ಉತ್ಸಾಹ ಹೆಚ್ಚಿತ್ತೇನೋ ಅನ್ನುವ ಅನುಮಾನ ಪೂರ್ತಿ ಹೋಗುವುದಿಲ್ಲ.