ಗರ್ಡರ್‌ನ ಒಂದೇ ತುದಿಗೆ ರೋಲರ್ ಯಾಕೆ?
ಯಾದಗಿರಿ ಕಡೆಯ ಹಳೆ ರೈಲ್ವೆ ಸೇತುವೆಯಲ್ಲಿ ಕಂಬಗಳ ಮೇಲೆ ಕೂತ ಉಕ್ಕಿನ ತೊಲೆ, ಅಂದರೆ ಗರ್ಡರ್‌ನ ಒಂದು ತುದಿ ಬೋಲ್ಟ್ ಹಾಕಿ ಬಿಗಿದಿದೆ, ಇನ್ನೊಂದು ರೋಲರ್ ಮೇಲಿದೆ, ಯಾಕೆ ಅಂತ ಕೇಳಿದ್ರಿ. ಬಿಸಿಲೇ ಕಾರಣ ನೋಡ್ರಿ. ನಮ್ಮ ಚಳಿಗೂ ಬೇಸಿಗೆಗೂ ಉಕ್ಕಿನ ಬಿಸಿಯಲ್ಲಿ 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬಂದರೆ 30 ಮೀಟರ್ ಗರ್ಡರ್ ಸುಮಾರು 14 ಮಿಲಿಮೀಟರ್ ಹಿಗ್ಗುತ್ತದೆ. ಆ ಹಿಗ್ಗು ರೋಲರ್ ಕಡೆ ಸರಿಯಬೇಕು. ಗಿಡ್ಡ ಗರ್ಡರ್‌ಗಳಿಗೆ ರೋಲರ್ ಇರಲ್ಲ, ಗ್ರೀಸ್ ಹಚ್ಚಿದ ಜಾರುಪ್ಲೇಟ್ ಸಾಕು.

ಧೂಳು, ತುಕ್ಕು ತುಂಬಿ ರೋಲರ್ ಸಿಕ್ಕಿಕೊಂಡರೆ ಅಪಾಯ: ಆ ತಳ್ಳು ಪೂರ್ತಿ ಕಂಬದ ತಲೆಗೆ ಬೀಳುತ್ತದೆ. ಬೇರಿಂಗ್ (ಗರ್ಡರ್ ತುದಿ ಕೂರುವ ರೋಲರ್ ಅಥವಾ ಪ್ಲೇಟ್) ಕೆಳಗಿನ ಹಾಸುಗಲ್ಲು ಬಿರಿಯುತ್ತದೆ, ಬೋಲ್ಟ್ ಬಾಗುತ್ತದೆ. ಅದಕ್ಕೇ ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ ಜಾಕ್ ಕೊಟ್ಟು ಗರ್ಡರ್ ತುಸು ಎತ್ತಿ, ಬೇರಿಂಗ್ ಒರೆಸಿ ಗ್ರೀಸ್ ಹಚ್ಚುತ್ತಾರೆ. ಬರೀ ಮೇಲಿಂದ ಬಣ್ಣ ಬಳಿದರೆ ಏನೂ ಉಪಯೋಗವಿಲ್ಲ.