34ಕ್ಕೆ ಕರಾಟೆ ಸೇರಿದರೆ ಬ್ಲ್ಯಾಕ್ ಬೆಲ್ಟ್ ಯಾವಾಗ?

ಸಾಗರದಿಂದ ಕೇಳಿದ್ದೀರಿ: ವಯಸ್ಸು 34, ಈಗ ಕರಾಟೆ ಸೇರಿದರೆ ಬ್ಲ್ಯಾಕ್ ಬೆಲ್ಟ್‌ಗೆ ಎಷ್ಟು ವರ್ಷ ಬೇಕು? ಒಂದು ಕಡೆ ಒಂದೂವರೆ ವರ್ಷ ಸಾಕು ಎಂದರಂತೆ, ಇನ್ನೊಂದು ಕಡೆ ಐದಾದರೂ ಬೇಕು ಎಂದರಂತೆ. ಯಾರ ಬಳಿ ಸೇರಲಿ ಎಂಬುದು ನಿಮ್ಮ ಪ್ರಶ್ನೆ.

ಐದು ಎಂದವರ ಬಳಿ ಸೇರಿ. ನನಗೆ ಆರು ಹಿಡಿಯಿತು.

2016ರ ಜೂನ್‌ನಲ್ಲಿ ಶಿವಮೊಗ್ಗದಲ್ಲಿ ಮಗನನ್ನು ಸೇರಿಸಲು ಹೋದವನು ನಾನೂ ಸೇರಿಕೊಂಡೆ. ಆಗ ನನಗೆ 36. ಮಗ ಎಂಟು ತಿಂಗಳಿಗೆ ಬಿಟ್ಟು ಕ್ರಿಕೆಟ್‌ಗೆ ಹೋದ, ನಾನು ಉಳಿದುಕೊಂಡೆ. ಸಾಲಿನಲ್ಲಿ ನಿಲ್ಲುವುದು ಬೆಲ್ಟಿನ ಪ್ರಕಾರ, ವಯಸ್ಸಿನ ಪ್ರಕಾರವಲ್ಲ. ಹಾಗಾಗಿ ನಾಲ್ಕನೇ ತರಗತಿಯ ಮಕ್ಕಳ ಪಕ್ಕದಲ್ಲಿ, ಸಾಲಿನ ಕಟ್ಟಕಡೆಯಲ್ಲಿ ನನ್ನ ಜಾಗ. ಮಾಸ್ಟರ್ ನನಗಿಂತ ಏಳು ವರ್ಷ ಚಿಕ್ಕವರು. ನಾನು ಅವರಿಗೆ ಸರ್ ಎನ್ನುತ್ತಿದ್ದೆ, ಅವರೂ ನನಗೆ ಸರ್ ಎನ್ನುತ್ತಿದ್ದರು. ‘ಸರ್, ಮಂಡಿ ಬಗ್ಗಿಸಿ’ ಎಂದು ಯಾರಾದರೂ ಮರ್ಯಾದೆಯಿಂದ ಗದರಿದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ.

ಮೊದಲು ಲೆಕ್ಕ ಹೇಳುತ್ತೇನೆ. ನಮ್ಮದು ಶೊಟೊಕಾನ್ ಶೈಲಿ. ಬ್ಲ್ಯಾಕ್ ಬೆಲ್ಟ್‌ಗಿಂತ ಕೆಳಗಿನ ದರ್ಜೆಗಳಿಗೆ ಕ್ಯು ಎನ್ನುತ್ತಾರೆ. ಎಣಿಕೆ ಇಳಿಯುತ್ತಾ ಬಂದು ಒಂದಕ್ಕೆ ಮುಗಿಯುತ್ತದೆ, ಅಲ್ಲಿಂದ ಮೇಲೆ ಡಾನ್ ಏರುತ್ತಾ ಹೋಗುತ್ತದೆ. ನಮ್ಮ ಕ್ಲಾಸಿನಲ್ಲಿ ಬಿಳಿಯವರು ಒಂಬತ್ತನೇ ಕ್ಯು. ಆಮೇಲೆ ಹಳದಿ, ಕಿತ್ತಳೆ, ಹಸಿರು, ನೀಲಿ, ನೇರಳೆ, ಕಂದು. ಕಂದು ಒಂದರಲ್ಲೇ ಮೂರು ಮೆಟ್ಟಿಲು. ಬಣ್ಣಗಳ ಕ್ರಮ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಂದಿನವರೆಗೆ ಪರೀಕ್ಷೆಗಳ ನಡುವೆ ಕನಿಷ್ಠ ಮೂರು ತಿಂಗಳು, ಕಂದಿನೊಳಗೆ ಆರಾರು ತಿಂಗಳು, ಒಂದನೇ ಕ್ಯುವಿನಿಂದ ಕಪ್ಪಿಗೆ ಒಂದು ವರ್ಷ. ಕೂಡಿಸಿ ನೋಡಿ: ಒಂದೂ ಪರೀಕ್ಷೆ ತಪ್ಪಿಸದೆ, ಒಮ್ಮೆಯೂ ನಪಾಸಾಗದೆ ಹೋದರೂ ಮೂರೂವರೆ ವರ್ಷ. ನಮ್ಮಂಥವರಿಗೆ ಮದುವೆ ಮನೆ, ಮಂಡಿ ನೋವು, ಅಡಿಕೆ ಕೊಯ್ಲು ಎಲ್ಲವೂ ಇರುತ್ತವಲ್ಲ. ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು, ಕೊಯ್ಲಿನ ಕಾಲದಲ್ಲಿ ಮನೆ ಸೇರುವಾಗ ರಾತ್ರಿ ಒಂಬತ್ತು. ಪ್ರತಿ ವರ್ಷ ಎರಡು ಮೂರು ತಿಂಗಳು ಹಾಗೇ ಹೋಗುತ್ತಿತ್ತು.

ಈ ಬೆಲ್ಟುಗಳ ಪದ್ಧತಿ ಕರಾಟೆಯ ಹುಟ್ಟಿನಿಂದ ಬಂದದ್ದೂ ಅಲ್ಲ. ಡಾನ್ ಎಂಬುದನ್ನು ಆರಂಭಿಸಿದವರು ಜೂಡೊ ಕಟ್ಟಿದ ಜಿಗೊರೊ ಕಾನೊ, 1883ರಲ್ಲಿ. ಓಕಿನಾವಾದಿಂದ 1922ರಲ್ಲಿ ಟೋಕಿಯೊಗೆ ಬಂದು ಕರಾಟೆ ತೋರಿಸಿದ ಗಿಚಿನ್ ಫುನಾಕೊಶಿ ತಮ್ಮ ಶಿಷ್ಯರಿಗೆ ಮೊದಲ ಬಾರಿಗೆ ಡಾನ್ ಕೊಟ್ಟದ್ದು 1924ರಲ್ಲಿ. ಅದಕ್ಕೂ ಮೊದಲು ಓಕಿನಾವಾದಲ್ಲಿ ಕಲಿತವರಿಗೆ ಬೆಲ್ಟೂ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ, ನಮ್ಮ ಗರಡಿ ಮನೆಯ ಪೈಲ್ವಾನರ ಹಾಗೆ. ಮಾರಿಕಾಂಬಾ ಜಾತ್ರೆಯ ಕುಸ್ತಿ ಅಖಾಡದಲ್ಲಿ ಯಾರು ಯಾರನ್ನು ಚಿತ್ ಮಾಡಿದರು ಎಂಬುದೇ ನನ್ನ ಅಜ್ಜನ ಕಾಲದ ದರ್ಜೆ.

ಪರೀಕ್ಷೆಯಲ್ಲಿ ಮೂರು ಭಾಗ. ಕಿಹೊನ್ ಎಂದರೆ ಬಿಡಿಬಿಡಿಯಾದ ಗುದ್ದು, ತಡೆ, ಒದೆ. ಕಟಾ ಎಂದರೆ ಅವನ್ನು ಗೊತ್ತಾದ ಕ್ರಮದಲ್ಲಿ ಪೋಣಿಸಿದ್ದು. ಕುಮಿಟೆ ಎಂದರೆ ಎದುರಾಳಿಯೊಂದಿಗೆ: ಮೊದಲು ಐದು ಹೆಜ್ಜೆ ಎಣಿಸಿಕೊಂಡು, ಕಂದಿನ ಹೊತ್ತಿಗೆ ಎಣಿಕೆ ಇಲ್ಲದೆ. ಮೊದಲ ಕಟಾ ಹೇಯಾನ್ ಶೊಡಾನ್, 21 ಚಲನೆ. ಹೇಯಾನ್ ಸರಣಿಯ ಐದೂ ಕಟಾಗಳನ್ನು ಮೂಲದಲ್ಲಿ ಪಿನಾನ್ ಎಂಬ ಹೆಸರಿನಲ್ಲಿ ಓಕಿನಾವಾದ ಶಾಲಾ ಮಕ್ಕಳಿಗೆಂದು ರೂಪಿಸಿದವರು ಫುನಾಕೊಶಿಯವರ ಗುರು ಆಂಕೊ ಇತೊಸು. ಮಕ್ಕಳಿಗೆಂದು ಮಾಡಿದ್ದಲ್ಲವೇ ಎಂದು ಹಗುರವಾಗಿ ತೆಗೆದುಕೊಂಡಿದ್ದೆ. ಈ ಕಟಾ ಎಲ್ಲಿ ಶುರುವಾಗುತ್ತದೋ ಅಲ್ಲೇ ಮುಗಿಯಬೇಕು. ನನ್ನದು ನಾಲ್ಕು ತಿಂಗಳ ಕಾಲ ಎರಡು ಅಡಿ ಆಚೆ, ನೀರಿನ ಕ್ಯಾನಿನ ಪಕ್ಕದಲ್ಲಿ ಮುಗಿಯುತ್ತಿತ್ತು. ಹೋಗುವಾಗಿನ ಹೆಜ್ಜೆ ಉದ್ದ, ಬರುವಾಗಿನದು ಗಿಡ್ಡ. ಕಾಲು ಸೋತದ್ದನ್ನು ಬಾಯಿ ಮುಚ್ಚಿಡಬಹುದು, ನೆಲ ಮುಚ್ಚಿಡುವುದಿಲ್ಲ.

ನಾನು ನಪಾಸಾದದ್ದು 2019ರ ನವೆಂಬರ್‌ನಲ್ಲಿ, ಎರಡನೇ ಕ್ಯುವಿನಿಂದ ಒಂದಕ್ಕೆ. ಕಟಾ ಬಸ್ಸಾಯ್ ದಾಯ್. ಒಂದು ಚಲನೆಯನ್ನೂ ಮರೆಯಲಿಲ್ಲ, ಕಿಯಾಯ್ ಕೂಗು ಗೇಟಿನವರೆಗೆ ಕೇಳಿಸಿತಂತೆ. ಹೆಸರು ಓದುವಾಗ ನನ್ನದು ಬರಲಿಲ್ಲ. ಪರೀಕ್ಷಕರು ಹೇಳಿದ್ದು ಇಷ್ಟೇ: ‘ಹಿಂಗಾಲಿನ ಹಿಮ್ಮಡಿ ಏಳುತ್ತಿದೆ. ಆರು ತಿಂಗಳ ನಂತರ ಬನ್ನಿ.’ ಪಾಸಾಗಿದ್ದ ಹನ್ನೆರಡರ ಹುಡುಗನೊಬ್ಬ ಚಪ್ಪಲಿ ಹಾಕಿಕೊಳ್ಳುತ್ತಾ, ‘ಅಂಕಲ್, ಹೋದ ಸಲ ನನಗೂ ಆಗಿರಲಿಲ್ಲ’ ಎಂದ. ತುಂಗಾ ಸೇತುವೆ ದಾಟುವವರೆಗೂ ಪರೀಕ್ಷಕರ ಮೇಲೆ ಸಿಟ್ಟಿತ್ತು.

ಮಾರನೇ ವಾರ ಮಾಸ್ಟರ್ ಹಳೆಯ ದಿನಪತ್ರಿಕೆಯ ಹಾಳೆಯೊಂದನ್ನು ನನ್ನ ಹಿಂದಿನ ಹಿಮ್ಮಡಿಯ ಕೆಳಗೆ ಇಟ್ಟು, ಅದರ ತುದಿ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತರು. ಝೆನ್‌ಕುತ್ಸು ನಿಲುವು, ಅಂದರೆ ಮುಂಗಾಲು ಬಗ್ಗಿಸಿ ಹಿಂಗಾಲು ಚಾಚಿ ನಿಲ್ಲುವುದು; ಗ್ಯಾಕು ಝುಕಿ, ಅಂದರೆ ಹಿಂಗಾಲಿನ ಕಡೆಯ ಕೈಯ ಗುದ್ದು. ಗುದ್ದು ಮುಗಿಯುವ ಕ್ಷಣಕ್ಕೆ ಸರಿಯಾಗಿ ಎಳೆಯುತ್ತಿದ್ದರು. ಕಾಗದ ಹರಿದರೆ ಹಿಮ್ಮಡಿ ಕೂತಿದೆ, ಇಡಿಯಾಗಿ ಕೈಗೆ ಬಂದರೆ ಎದ್ದಿದೆ. ಮೊದಲ ದಿನ ಹತ್ತಕ್ಕೆ ಒಂಬತ್ತು ಸಲ ಇಡಿಯಾಗಿ ಬಂತು. ಗುದ್ದಿನ ಬಲ ಹಿಂಗಾಲು ನೆಲವನ್ನು ಒತ್ತಿದ್ದರಿಂದ ಹುಟ್ಟಿ, ಸೊಂಟದ ತಿರುವಿನಲ್ಲಿ ಹಾದು, ಮುಷ್ಟಿಗೆ ಬರಬೇಕು. ನಾನು ಮೂರು ವರ್ಷ ಬರೀ ಭುಜದಿಂದ ಗುದ್ದಿದ್ದೆ. ಮೂರು ಬಣ್ಣ ಕಡಿಮೆ ಇರುವಾಗಲೇ ಯಾರಾದರೂ ನಪಾಸು ಮಾಡಿದ್ದರೆ ಒಳ್ಳೆಯದಿತ್ತು ಎಂದು ಆಗ ಅನ್ನಿಸಿತು. 2020ರಲ್ಲಿ ಕ್ಲಾಸ್ ಮುಚ್ಚಿದಾಗಲೂ ಮನೆಯ ಹಾಲ್‌ನಲ್ಲಿ ಕುರ್ಚಿ ಸರಿಸಿ, ಹಾಳೆಯ ಇನ್ನೊಂದು ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು ಇದನ್ನೇ ಮಾಡಿದೆ. ಅವಳು ಮೊಬೈಲ್ ನೋಡುತ್ತಾ ಎಳೆಯುತ್ತಿದ್ದಳು, ಮಾಸ್ಟರ್‌ಗಿಂತ ನಿಷ್ಠುರವಾಗಿ.

ಈಗ ಒಂದೂವರೆ ವರ್ಷದ ವಿಚಾರ. ನಮ್ಮ ಮಂಡಿಯಲ್ಲಿ ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆಗಳಿವೆ; ಸರಕು ಮೇಲಿನದು, ಗೊರಬಲು ಕೆಳಗಿನದು. ಗೊರಬಲಿನ ಚೀಲದ ಮೇಲೆ ಸರಕು ಎಂದು ಬರೆಯಲು ಯಾರ ಅಡ್ಡಿಯೂ ಇಲ್ಲ. ಖರೀದಿಯವನು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿದ ಮೇಲೆ ಮಾತ್ರ ಕಷ್ಟ. ನೀವೂ ಹಿಡಿ ತೆಗೆದು ನೋಡಿ. ಎರಡೂ ಕ್ಲಾಸಿಗೆ ಹೋಗಿ ಒಂದೊಂದು ಸಂಜೆ ಸುಮ್ಮನೆ ಕುಳಿತುಕೊಳ್ಳಿ. ಬ್ರೌನ್ ಬೆಲ್ಟಿನವರು ಮೊದಲ ಕಟಾ, ಅದೇ ಹೇಯಾನ್ ಶೊಡಾನ್, ಹೇಗೆ ಮಾಡುತ್ತಾರೆ ನೋಡಿ. ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತಾರೆಯೇ? ಹಿಮ್ಮಡಿ ನೆಲದಲ್ಲಿದೆಯೇ? ಆಮೇಲೆ ಮಾಸ್ಟರ್‌ರನ್ನು, ಹೋದ ಪರೀಕ್ಷೆಯಲ್ಲಿ ಎಷ್ಟು ಮಂದಿ ನಪಾಸಾದರು ಎಂದು ಕೇಳಿ. ‘ನಮ್ಮಲ್ಲಿ ಯಾರೂ ನಪಾಸಾಗುವುದಿಲ್ಲ’ ಎಂದು ಹೆಮ್ಮೆಯಿಂದ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಬ್ಲ್ಯಾಕ್ ಬೆಲ್ಟಿನ ಪರೀಕ್ಷಾ ಶುಲ್ಕ, ಪ್ರಮಾಣಪತ್ರದ ಖರ್ಚು ಎಷ್ಟೆಂಬುದನ್ನೂ ಸೇರುವ ಮೊದಲೇ ಕೇಳಿಬಿಡಿ. ಕೊನೆಗೆ ಕೇಳಲು ಸಂಕೋಚವಾಗುತ್ತದೆ.

ವಯಸ್ಸಿನ ಚಿಂತೆ ಬೇಡ. ತಲೆಯೆತ್ತರಕ್ಕೆ ಒದೆಯಲು ನನಗೆ ಇಂದಿಗೂ ಬರುವುದಿಲ್ಲ, ಸೊಂಟದೆತ್ತರಕ್ಕೆ ಸರಿಯಾಗಿ ಒದ್ದರೆ ಅಂಕ ಕೊಡುತ್ತಾರೆ. ಮಂಡಿ ನೋವಿದ್ದರೆ ಮೊದಲ ದಿನವೇ ಹೇಳಿ. 2022ರಲ್ಲಿ ನನಗೆ ಸಿಕ್ಕ ಬ್ಲ್ಯಾಕ್ ಬೆಲ್ಟಿನ ಮೊದಲ ದರ್ಜೆಯ ಹೆಸರು ಶೊಡಾನ್, ಜಪಾನಿ ಭಾಷೆಯಲ್ಲಿ ‘ಶೊ’ ಎಂದರೆ ಆರಂಭ. ಮರುದಿನದ ಕ್ಲಾಸಿನಲ್ಲಿ ಮಾಸ್ಟರ್ ನನ್ನನ್ನು ಹೊಸಬರ ಸಾಲಿಗೆ ಗೆದಾನ್ ಬರಾಯ್ ಎಂಬ ಕೆಳಗಿನ ತಡೆ ಹೇಳಿಕೊಡಲು ಕಳುಹಿಸಿದರು. ಹೇಳಿಕೊಡುವಾಗ ನನ್ನದೇ ಎರಡು ತಪ್ಪು ಸಿಕ್ಕವು.

ಕೊನೆಯದಾಗಿ ಡ್ರೆಸ್. ಒಂದು ಅಳತೆ ದೊಡ್ಡದೇ ತೆಗೆದುಕೊಳ್ಳಿ, ಹತ್ತಿ ಬಟ್ಟೆ ಒಗೆದರೆ ಕುಗ್ಗುತ್ತದೆ. ಜುಲೈನಲ್ಲಿ ನಮ್ಮ ಕ್ಲಾಸಿನ ತಗಡಿನ ಮಾಡಿನ ಮೇಲೆ ಮಳೆ ಹೊಡೆದರೆ ಇಚಿ, ನಿ, ಸಾನ್ ಎಂಬ ಎಣಿಕೆಯೇ ಕೇಳಿಸುವುದಿಲ್ಲ, ಮಾಸ್ಟರ್ ಬೆರಳೆತ್ತಿ ಎಣಿಸುತ್ತಾರೆ. ಅಂಥ ದಿನಗಳಲ್ಲಿ ಒಮ್ಮೆ ತೀರ್ಥಹಳ್ಳಿ ಕಡೆಯ ನಮ್ಮ ಊರಿಗೆ ಹೋದಾಗ ಅಮ್ಮ ನನ್ನ ಡ್ರೆಸ್ಸನ್ನು ಬಚ್ಚಲು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸಿಕೊಟ್ಟರು. ಕ್ಲಾಸಿಗೆ ಹಾಕಿಕೊಂಡು ಹೋದರೆ, ಯಾರು ಗೇರುಬೀಜ ಸುಟ್ಟುಕೊಂಡು ಬಂದಿದ್ದೀರಿ ಎಂದು ಎಲ್ಲರೂ ಮೂಸಿ ನೋಡಿದರು. ಸಾಗರದ ಮಳೆಗೆ ಎರಡು ಜೊತೆ ಇಟ್ಟುಕೊಳ್ಳಿ.