ಗೆಳೆಯ ತನ್ನ ಹೆಂಡತಿಯನ್ನೇ ಡೈರೆಕ್ಟರ್ ಮಾಡಿದ್ದಾನೆ, ನನ್ನ ಗತಿ ಏನು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಾನೂ ಗೆಳೆಯನೂ ಸೇರಿ ಮಷಿನ್ ಶಾಪ್ ನಡೆಸುತ್ತಿದ್ದೇವೆ. ಪ್ರೈವೇಟ್ ಲಿಮಿಟೆಡ್ ಕಂಪನಿ, ಶೇರು ಅರ್ಧ-ಅರ್ಧ, ಇಬ್ಬರೇ ಡೈರೆಕ್ಟರ್‌ಗಳು. ಬ್ಯಾಂಕು, ಲೆಕ್ಕ ಎಲ್ಲ ಅವನ ಕೈಯಲ್ಲಿದೆ. ಕೇಳಿದರೆ ತೋರಿಸುವುದಿಲ್ಲ. ಈಗ ನನಗೆ ತಿಳಿಸದೆ ಹೆಂಡತಿಯನ್ನು ಮೂರನೇ ಡೈರೆಕ್ಟರ್ ಮಾಡಿದ್ದಾನೆ. "ನಾವು ಇಬ್ಬರು, ನೀನು ಒಬ್ಬ, ನಿನ್ನನ್ನು ತೆಗೆದುಹಾಕುತ್ತೇವೆ" ಎನ್ನುತ್ತಾನೆ. ಬೇಸರವಾಗಿ ಆಫೀಸಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಸಿವಿಲ್ ಕೋರ್ಟಿಗೆ ಹೋಗಲೇ?

ಉತ್ತರ: ಮೊದಲು ಆಫೀಸಿಗೆ ಹೋಗಲು ಶುರು ಮಾಡಿ. ಇದು ಸಮಾಧಾನದ ಮಾತಲ್ಲ, ಕಾನೂನಿನ ಮಾತು. 2013ರ ಕಂಪನಿ ಕಾಯ್ದೆಯ 167ನೇ ಸೆಕ್ಷನ್ ಪ್ರಕಾರ, 12 ತಿಂಗಳಲ್ಲಿ ನಡೆದ ಒಂದೂ ಬೋರ್ಡ್ ಮೀಟಿಂಗ್‌ಗೆ ಹೋಗದ ಡೈರೆಕ್ಟರ್‌ನ ಸ್ಥಾನ ತಾನಾಗಿ ಖಾಲಿಯಾಗುತ್ತದೆ. ನಿಮ್ಮನ್ನು ತೆಗೆಯಲು ಅವನು ಕಷ್ಟಪಡಬೇಕಾಗಿಲ್ಲ, ನಿಮ್ಮ ಮುನಿಸೇ ಆ ಕೆಲಸ ಮಾಡಿಬಿಡುತ್ತದೆ. ಶೇರುದಾರರ ಸಭೆಯಲ್ಲೂ ಇಂಥದ್ದೇ ಅಪಾಯ ಇದೆ. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಇಲ್ಲದೆ ಮುಂದೂಡಿದ ಸಭೆಯಲ್ಲಿ ಮತ್ತೆ ಕೋರಂ ಆಗದಿದ್ದರೆ, ಬಂದವರನ್ನೇ ಕೋರಂ ಎಂದು ಹಿಡಿಯಲು ಕಾಯ್ದೆಯಲ್ಲಿ ದಾರಿ ಇದೆ. ಆದ್ದರಿಂದ ನೋಟಿಸ್ ಬಂದ ಪ್ರತಿ ಮೀಟಿಂಗ್‌ಗೂ ಹೋಗಿ. ಜಗಳ ಆದರೂ ಆಗಲಿ, ಸಭೆಯ ನಡಾವಳಿ ಬರೆಯುವ ಮಿನಿಟ್ಸ್‌ನಲ್ಲಿ ನಿಮ್ಮ ವಿರೋಧ ಬರೆಸಿ.

ಇನ್ನು ಅವನ ಹೆಂಡತಿಯ ನೇಮಕ. ಬೋರ್ಡ್ ಮೀಟಿಂಗ್‌ಗೆ ಕನಿಷ್ಠ ಏಳು ದಿನದ ನೋಟಿಸ್ ಕೊಡಬೇಕು, ಕನಿಷ್ಠ ಇಬ್ಬರು ಡೈರೆಕ್ಟರ್‌ಗಳು ಇರಬೇಕು. ಆಗ ಇದ್ದವರೇ ನೀವಿಬ್ಬರು. ನೀವು ಹೋಗಿಲ್ಲ ಎಂದರೆ ಅವನು ಒಬ್ಬನೇ ಕೂತು ಮೀಟಿಂಗ್ ಮಾಡಿದ್ದಾನೆ ಎಂದಾಯಿತು, ಅಲ್ವಾ? ಅದಕ್ಕೆ ಕೋರಂ ಇಲ್ಲ. ಮೀಟಿಂಗ್ ಇಲ್ಲದೆ ಕಾಗದ ಓಡಿಸಿ ನಿರ್ಣಯ ಮಾಡಿದೆ ಎಂದರೂ ಅದಕ್ಕೆ ಬಹುಮತ ಬೇಕು. ಇಬ್ಬರಲ್ಲಿ ಒಬ್ಬ ಬಹುಮತ ಆಗುವುದಿಲ್ಲ.

ಆದರೆ ಒಂದು ವಿಷಯ ಪರಿಶೀಲಿಸಿ. ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ ನೂರು ರೂಪಾಯಿ ಕಟ್ಟಿದರೆ ನಿಮ್ಮ ಕಂಪನಿಯ ಸಾರ್ವಜನಿಕ ದಾಖಲೆಗಳನ್ನು ನೋಡಬಹುದು. ಅದರಲ್ಲಿ ಡೈರೆಕ್ಟರ್ ನೇಮಕ ತಿಳಿಸುವ ಡಿಐಆರ್-12 ಫಾರ್ಮ್ ತೆಗೆದು ನೋಡಿ. ಯಾವ ತಾರೀಖಿನ ನಿರ್ಣಯ, ಯಾರ ಡಿಜಿಟಲ್ ಸಹಿ? ನಮ್ಮ ಕಡೆ ಡೈರೆಕ್ಟರ್‌ಗಳು ಡಿಜಿಟಲ್ ಸಹಿ ಇರುವ ಪೆನ್ ಡ್ರೈವಿನಂಥ ಟೋಕನ್ನನ್ನು ಆಡಿಟರ್ ಆಫೀಸಿನಲ್ಲೇ ಇಟ್ಟು ಮರೆತುಬಿಡುತ್ತಾರೆ. ನಿಮ್ಮದೂ ಅಲ್ಲೇ ಇದ್ದರೆ ಇವತ್ತೇ ವಾಪಸ್ ತನ್ನಿ.

ನಿಮ್ಮನ್ನು ತೆಗೆಯುವ ಮಾತಿಗೆ ಬರೋಣ. ಡೈರೆಕ್ಟರನ್ನು ತೆಗೆಯುವ ಅಧಿಕಾರ ಬೋರ್ಡ್‌ಗೆ ಇಲ್ಲ, ಶೇರುದಾರರಿಗೆ ಇದೆ. ಅದಕ್ಕೆ ವಿಶೇಷ ನೋಟಿಸ್ ಬೇಕು, ನಿಮ್ಮ ಮಾತು ಕೇಳಬೇಕು, ಅರ್ಧಕ್ಕಿಂತ ಜಾಸ್ತಿ ಮತ ಬೀಳಬೇಕು. ಬೋರ್ಡಿನಲ್ಲಿ ಅವರು ಇಬ್ಬರಾದರೂ ಶೇರಿನ ಲೆಕ್ಕದಲ್ಲಿ ಅವನದು ಅರ್ಧವೇ. ಹೆಂಡತಿಯನ್ನು ಹೆಚ್ಚುವರಿ ಡೈರೆಕ್ಟರ್ ಎಂದು ತೋರಿಸಿದ್ದರೆ ಅವರ ಅವಧಿ ಮುಂದಿನ ವಾರ್ಷಿಕ ಸಭೆಯವರೆಗೆ ಮಾತ್ರ. ಅಲ್ಲಿ ಮುಂದುವರಿಸಲೂ ನಿಮ್ಮ ಮತ ಬೇಕು. ಕಂಪನಿಯ ಒಳ ನಿಯಮಗಳಾದ ಆರ್ಟಿಕಲ್ಸ್‌ನಲ್ಲಿ ಅಧ್ಯಕ್ಷರಿಗೆ ಕಾಸ್ಟಿಂಗ್ ವೋಟ್ (ಮತ ಸಮ ಬಿದ್ದಾಗ ಹಾಕುವ ಇನ್ನೊಂದು ಮತ) ಬರೆದಿದೆಯೇ ಎಂದು ಮಾತ್ರ ಇವತ್ತೇ ಓದಿ. ರೆಡಿಮೇಡ್ ಆರ್ಟಿಕಲ್ಸ್‌ಗೆ ಓದದೆ ಸಹಿ ಹಾಕಿದವರು ಸಿಕ್ಕಿಬೀಳುವುದು ಅಲ್ಲೇ.

ಲೆಕ್ಕದ ಪುಸ್ತಕ ನೋಡುವುದು ಡೈರೆಕ್ಟರ್ ಆಗಿ ನಿಮ್ಮ ಹಕ್ಕು. ಕೆಲಸದ ವೇಳೆಯಲ್ಲಿ ನೋಡುತ್ತೇನೆ ಎಂದು ಇಮೇಲ್‌ನಲ್ಲೂ ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕೇಳಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ನಮ್ಮಲ್ಲಿ ಜಗಳ ಇದೆ ಎಂದು ಬ್ಯಾಂಕಿಗೆ ಪತ್ರ ಬರೆದರೆ ಸಾಮಾನ್ಯವಾಗಿ ಖಾತೆ ತಡೆಹಿಡಿಯುತ್ತಾರೆ. ಹುಡುಗರ ಪಗಾರ, ಕಬ್ಬಿಣದ ಬಿಲ್ ಎರಡೂ ನಿಲ್ಲುತ್ತವೆ. ಆದ್ದರಿಂದ ಜಂಟಿ ಸಹಿ ಕೇಳಿ, ಖಾತೆ ಮುಚ್ಚಿಸಬೇಡಿ.

ಸಿವಿಲ್ ಕೋರ್ಟಿನಲ್ಲಿ ಇದಕ್ಕೆ ದಾರಿ ಇಲ್ಲ. ಇಂಥ ವ್ಯಾಜ್ಯ ಕೇಳುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ನಮಗೆ ಅದರ ಬೆಂಗಳೂರು ಪೀಠ. ಹತ್ತರಲ್ಲಿ ಒಂದು ಪಾಲು ಶೇರು ಇದ್ದರೂ ಅರ್ಜಿ ಹಾಕಬಹುದು, ನಿಮ್ಮದು ಅರ್ಧ ಇದೆ. ಆದರೆ ಕೇಸು ವರ್ಷಗಟ್ಟಲೆ ಎಳೆಯಬಹುದು. ಅಷ್ಟರಲ್ಲಿ ಗಿರಾಕಿಗಳು ಪಕ್ಕದ ಶೆಡ್‌ಗೆ ಹೋಗಿರುತ್ತಾರೆ. ಶೇರಿಗೆ ಬೆಲೆ ಕಟ್ಟಿಸಿ ಒಬ್ಬರು ಇನ್ನೊಬ್ಬರದನ್ನು ಕೊಳ್ಳುವ ಮಾತುಕತೆಯನ್ನು ನಾನಾದರೆ ಮೊದಲು ಮಾಡುತ್ತೇನೆ, ಅರ್ಜಿ ಆಮೇಲೆ.

ಪ್ರಶ್ನೆ: ತಿಕೋಟಾದಲ್ಲಿ ಒಣದ್ರಾಕ್ಷಿ ಪ್ಯಾಕ್ ಮಾಡಿ ನನ್ನ ಹೆಸರಿನಲ್ಲೇ ಮಾರುತ್ತೇನೆ. ಒಬ್ಬರೇ ಕಂಪನಿ ಮಾಡಬಹುದಂತೆ. ಹಾಗೆ ಮಾಡಿದರೆ ಸಾಲ ಮನೆಗೆ ತಟ್ಟುವುದಿಲ್ಲವೇ?

ಉತ್ತರ: ಒನ್ ಪರ್ಸನ್ ಕಂಪನಿ ಮಾಡಬಹುದು. ನಿಮ್ಮ ನಂತರ ಶೇರು ಯಾರಿಗೆ ಎಂದು ಒಬ್ಬ ನಾಮಿನಿಯ ಹೆಸರು ಕೊಡಬೇಕು, ಅವರ ಲಿಖಿತ ಒಪ್ಪಿಗೆ ಬೇಕು. ಕನಿಷ್ಠ ಬಂಡವಾಳ ಇಷ್ಟೇ ಇರಬೇಕು ಎಂಬ ನಿಯಮ 2015ರಲ್ಲೇ ಹೋಗಿದೆ.

ಸಾಲದ ವಿಷಯದಲ್ಲಿ ಮಾತ್ರ ಭ್ರಮೆ ಬೇಡ. ಕಂಪನಿಯ ಬಾಕಿ ಕಂಪನಿಯದೇ, ನಿಜ. ಆದರೆ ಸಣ್ಣ ಕಂಪನಿಗೆ ಸಾಲ ಕೊಡುವ ಬ್ಯಾಂಕ್ ಡೈರೆಕ್ಟರ್‌ನಿಂದ ಸಾಮಾನ್ಯವಾಗಿ ವೈಯಕ್ತಿಕ ಗ್ಯಾರಂಟಿ ಬರೆಸಿಕೊಳ್ಳುತ್ತದೆ. ಆ ಕಾಗದಕ್ಕೆ ಸಹಿ ಹಾಕಿದ ಮೇಲೆ ಆ ಸಾಲಕ್ಕೆ ನೀವೂ ಹೊಣೆ. ಜೊತೆಗೆ ವ್ಯಾಪಾರ ಎಷ್ಟೇ ಸಣ್ಣದಿರಲಿ, ಪ್ರತಿ ವರ್ಷ ಆಡಿಟ್ ಆಗಲೇಬೇಕು. ಪ್ಯಾನ್ ಹೊಸದು, ಹಾಗಾಗಿ ಜಿಎಸ್‌ಟಿ ನಂಬರೂ ಹೊಸದು. ದೊಡ್ಡ ಖರೀದಿದಾರರು ಕಂಪನಿಯೇ ಬೇಕು ಎನ್ನುವವರೆಗೆ ಈಗ ಇರುವಂತೆಯೇ ನಡೆಸಿ ಎನ್ನುತ್ತೇನೆ.

ಪ್ರಶ್ನೆ: ಗುಳೇದಗುಡ್ಡ ಖಣದ ವ್ಯಾಪಾರಕ್ಕೆಂದು ನಾಲ್ಕು ವರ್ಷದ ಹಿಂದೆ ಕಂಪನಿ ಮಾಡಿದೆವು. ಒಂದು ವರ್ಷ ನಡೆಸಿ ನಿಲ್ಲಿಸಿದೆವು. ಆಮೇಲೆ ಏನೂ ಫೈಲ್ ಮಾಡಿಲ್ಲ.

ಉತ್ತರ: ಸುಮ್ನೆ ಬಿಟ್ಟರೆ ಕಂಪನಿ ಮುಚ್ಚುವುದಿಲ್ಲ. ವಾರ್ಷಿಕ ಲೆಕ್ಕಪತ್ರದ ಫಾರ್ಮ್ ಒಂದು, ವಾರ್ಷಿಕ ರಿಟರ್ನ್ ಇನ್ನೊಂದು. ಒಂದೊಂದಕ್ಕೂ ತಡವಾದ ದಿನಕ್ಕೆ ನೂರು ರೂಪಾಯಿ ಹೆಚ್ಚುವರಿ ಶುಲ್ಕ ಬೆಳೆಯುತ್ತಾ ಹೋಗುತ್ತದೆ. ಸತತ ಮೂರು ವರ್ಷ ಫೈಲ್ ಆಗದಿದ್ದರೆ ಡೈರೆಕ್ಟರ್‌ಗಳು ಐದು ವರ್ಷ ಅನರ್ಹರು, ಬೇರೆ ಕಂಪನಿಗೂ ಹೊಸದಾಗಿ ಸೇರುವಂತಿಲ್ಲ. ವ್ಯವಹಾರ ನಡೆಸಿದ ವರ್ಷದ ಬಾಕಿ ಫಾರ್ಮ್‌ಗಳನ್ನು ಮೊದಲು ಹಾಕಿ, ನಂತರ ಎಸ್‌ಟಿಕೆ-2 ಫಾರ್ಮ್‌ನಲ್ಲಿ ಕಂಪನಿಯ ಹೆಸರನ್ನು ನೋಂದಣಿ ಪಟ್ಟಿಯಿಂದ ತೆಗೆಯಲು ಅರ್ಜಿ ಕೊಡಿ. ಅದರ ಶುಲ್ಕ 10,000 ರೂಪಾಯಿ. ನೇಕಾರರಿಗೋ ನೂಲಿನ ಅಂಗಡಿಗೋ ಬಾಕಿ ಇದ್ದರೆ ತೀರಿಸಿಯೇ ಅರ್ಜಿ ಹಾಕಿ. ಬಾಕಿ ಇಲ್ಲ ಎಂದು ನೀವು ಅಫಿಡವಿಟ್ ಕೊಡಬೇಕಾಗುತ್ತದೆ.